ಮಾರುವ ಮನೆಗೆ ಮೊದಲು ಸೂರು, ಆಮೇಲೆ ಸುಣ್ಣ

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಹಳ್ಳಿಗಳಲ್ಲಿ ಮನೆ, ನಿವೇಶನಗಳ ವ್ಯಾಪಾರದ ಮಾತು ಕೇಳಿಬರುತ್ತದೆ. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ತೋಟದಲ್ಲಿ ಹೊಸ ಮನೆ ಕಟ್ಟಿಕೊಂಡವರು ಊರೊಳಗಿನ ಹಳೆಯ ಮನೆಯನ್ನು ಕೊಟ್ಟುಬಿಡೋಣ ಎನ್ನುತ್ತಾರೆ. ಮಗ ಪಟ್ಟಣದಲ್ಲಿ ಕೆಲಸಕ್ಕೆ ನಿಂತು, ಹಿರಿಯರು ತೀರಿಹೋಗಿ, ಬೀಗ ಬಿದ್ದ ಮನೆಗಳೂ ಊರಿಗೆ ನಾಲ್ಕಾರು ಇದ್ದೇ ಇವೆ. ಇನ್ನು ಕೆಲವರಿಗೆ ಕೊಳವೆ ಬಾವಿಯ ಸಾಲ, ಮಗಳ ಮದುವೆ, ಆಸ್ಪತ್ರೆಯ ಖರ್ಚು. ಅಂಥವರು ಮನೆಯನ್ನು ಬೇಗ ಮಾರಲೇಬೇಕು.

ಬೇಗ ಮಾರುವುದು ಬೇರೆ, ಅವಸರದಲ್ಲಿ ಮಾರುವುದು ಬೇರೆ. ಮಾರುವವನಿಗೆ ಅವಸರವಿದೆ ಎಂಬುದು ಕೊಳ್ಳುವವನಿಗೆ ಗೊತ್ತಾದ ದಿನವೇ ಬೆಲೆ ಇಳಿಯಲು ಶುರುವಾಗುತ್ತದೆ. ಆದರೆ ತಕ್ಕ ಸಿದ್ಧತೆ ಮಾಡಿಕೊಂಡ ಮನೆಗೆ ಗಿರಾಕಿ ಬಂದರೆ ಅವನು ಚೌಕಾಸಿ ಮಾಡಲು ನೆಪ ಹುಡುಕಬೇಕಾಗುತ್ತದೆ. ಈ ಸಿದ್ಧತೆಗೆ ದೊಡ್ಡ ಹಣ ಬೇಕಿಲ್ಲ. ಮೂರು ನಾಲ್ಕು ತಿಂಗಳ ಮುನ್ನೋಟ ಬೇಕು, ಅಷ್ಟೆ.

ಅರಸೀಕೆರೆ ಕಡೆಯ ಒಂದು ಊರಿನ ಎಂಟಂಕಣದ ಮನೆಯ ಸಂಗತಿ ಹೇಳುತ್ತೇನೆ. ಹಲಸಿನ ಕಂಬ, ಕೆತ್ತನೆಯ ಬೋದಿಗೆ, ಎರಡು ಆಳು ಹಿಡಿದರೂ ಅಲುಗದ ತಲೆಬಾಗಿಲು. ತಂದೆ ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಉಳಿದರು. ನಾಲ್ಕು ಮಳೆಗಾಲ ಮನೆಗೆ ಬೀಗ. ಹಿತ್ತಿಲ ಕಡೆ ಮೂರು ಹಂಚು ಒಡೆದದ್ದನ್ನು ಯಾರೂ ನೋಡಲಿಲ್ಲ. ನೀರಿಳಿದು ಮಣ್ಣಿನ ಗೋಡೆ ಒಂದು ಮಗ್ಗುಲಿಗೆ ಜಾರಿತು. ಮೊದಲು ನೋಡಲು ಬಂದ ಮೇಷ್ಟ್ರು ಗೋಡೆ ನೋಡಿ ಹಿಂದೆ ಸರಿದರು. ಎರಡನೆಯ ಗಿರಾಕಿ ಪಕ್ಕದ ಮನೆಯವರೇ. ಅವರು ಮುಂಗಡ ಕೊಡಲು ಬಂದ ದಿನ, ತಿಪಟೂರಿಗೆ ಕೊಟ್ಟಿದ್ದ ಅಕ್ಕನನ್ನು ಈ ವಿಷಯದಲ್ಲಿ ಒಂದು ಮಾತೂ ಕೇಳಿಲ್ಲವೆಂದು ತಿಳಿದು, ಹಣವನ್ನು ಹಾಗೆಯೇ ಜೇಬಿಗೆ ಹಾಕಿಕೊಂಡು ಎದ್ದರು. ಮೂರನೆಯವನು ಹಳೆಯ ಮರಮುಟ್ಟಿನ ವ್ಯಾಪಾರಿ. ಅಕ್ಕನ ಒಪ್ಪಿಗೆ ಪಡೆಯುವ ಹೊತ್ತಿಗೆ ಅಟ್ಟವೂ ಕುಸಿದಿತ್ತು. ಕೊನೆಗೆ ಮನೆ ಮನೆಯಾಗಿ ಮಾರಾಟವಾಗಲಿಲ್ಲ. ಕಂಬ, ತೊಲೆ, ಬಾಗಿಲುವಾಡ ಲಾರಿ ಹತ್ತಿದವು. ಉಳಿದ ಮಣ್ಣುಗುಡ್ಡೆಯ ಮೇಲೆ ಈಗ ಎಕ್ಕದ ಗಿಡ ಬೆಳೆದಿದೆ.

ಮೂರು ಹಂಚು, ಒಂದು ಸಹಿ. ಆ ಮನೆ ಕೆಟ್ಟದ್ದು ಇಷ್ಟರಿಂದಲೇ.

ಸೂರಿನಿಂದ ಆರಂಭಿಸಿ

ಮನೆ ಮಾರಬೇಕೆಂದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಬಣ್ಣ ಬಳಿಸುವುದು. ಇದು ತಲೆಕೆಳಗಾದ ಕ್ರಮ. ಹಳ್ಳಿಯ ಗಿರಾಕಿ ಗೋಡೆಯ ಬಣ್ಣ ನೋಡುವುದಿಲ್ಲ. ನಡುಮನೆಗೆ ಬಂದು ನಿಂತು ಮೊದಲು ತಲೆ ಮೇಲೆತ್ತುತ್ತಾನೆ. ತೊಲೆಯ ಮೇಲೆ ನೀರಿಳಿದ ಕಂದು ಗೆರೆ ಇದೆಯೇ, ರೀಪು ಕೊಳೆತಿದೆಯೇ, ಹಂಚಿನ ಸಂದಿಯಲ್ಲಿ ಆಕಾಶ ಕಾಣುತ್ತದೆಯೇ ಎಂದು ನೋಡುತ್ತಾನೆ. ಹೊಸ ಬಣ್ಣದ ಗೋಡೆಯ ಮೇಲೆ ಹಳೆಯ ಸೋರಿಕೆಯ ಗುರುತು ಕಂಡರಂತೂ, ಇವರು ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಆ ಅನುಮಾನ ಸೋರಿಕೆಗಿಂತ ದುಬಾರಿ.

ಆದ್ದರಿಂದ ಮೊದಲು ಹಂಚು ಇಳಿಸಿ ಕಟ್ಟಿಸಿ. ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚೆ ಈ ಕೆಲಸ ಆಗಬೇಕು. ಮಂಗಳೂರು ಹಂಚಿನ ಮನೆಯಾದರೆ ಒಂದು ವಿಷಯ ಗಮನಿಸಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರ ಹಂಚಿಗೆ ಸರಿಯಾಗಿ ಕೂರುವುದಿಲ್ಲ. ನಿಮ್ಮ ಹಂಚಿನ ಬೆನ್ನಿನ ಮೇಲಿರುವ ಕಾರ್ಖಾನೆಯ ಗುರುತು ನೋಡಿಕೊಂಡು, ಅದೇ ಗುರುತಿನ ಹಳೆಯ ಹಂಚನ್ನು ಮನೆ ಕಿತ್ತವರ ಬಳಿ ಹುಡುಕಿ ತನ್ನಿ. ಹೊಂದದ ಹೊಸ ಹಂಚಿಗಿಂತ ಹೊಂದುವ ಹಳೆಯ ಹಂಚು ಲೇಸು. ಒಂದೆರಡು ಗಾಜಿನ ಹಂಚು ಹಾಕಿಸುವುದಿದ್ದರೆ ಅದಕ್ಕೂ ಇದೇ ಸಮಯ. ಕತ್ತಲೆಯ ನಡುಮನೆಗೆ ಬೆಳಕು ಬಿದ್ದರೆ ಮನೆ ಒಂದಂಕಣ ಹಿಗ್ಗಿದಂತೆ ಕಾಣುತ್ತದೆ. ಈಗಾಗಲೇ ಗಾಜಿನ ಹಂಚಿದ್ದರೆ ಹೊಗೆ, ಧೂಳು ಹಿಡಿದದ್ದನ್ನು ಒರೆಸಿ.

ಚಿತ್ರದುರ್ಗ, ಬಳ್ಳಾರಿ ಕಡೆಯ ಮಾಳಿಗೆ ಮನೆಯವರು ಮೇಲಿನ ಕರಲು ಮಣ್ಣು ಕೊಚ್ಚಿಹೋದ ಕಡೆ ಹೊಸ ಮಣ್ಣು ಹಾಕಿ ತಟ್ಟಿಸಬೇಕು. ಹುಲ್ಲು ಬೇರು ಬಿಟ್ಟಿದ್ದರೆ ಬೇರು ಸಮೇತ ಕೀಳಿಸಬೇಕು. ನೀರು ಹೊರಹೋಗುವ ದೋಣಿ ಕಟ್ಟಿಕೊಂಡಿದ್ದರೆ ಮಾಳಿಗೆಯ ಮೇಲೆ ಕೆರೆಯೇ ನಿಲ್ಲುತ್ತದೆ. ತಾರಸಿ ಮನೆಯವರಿಗೂ ಈ ಕೊನೆಯ ಮಾತು ಅನ್ವಯಿಸುತ್ತದೆ.

ಸೂರು ಸರಿಯಾದ ಮೇಲೆ ಬುಡ ನೋಡಿ. ಇತ್ತೀಚಿನ ವರ್ಷಗಳಲ್ಲಿ ಹಳ್ಳಿಗಳಲ್ಲಿ ಒಂದು ಹೊಸ ತೊಂದರೆ ಬಂದಿದೆ. ಬೀದಿಗೆ ಕಾಂಕ್ರೀಟು ಹಾಕುವಾಗ ಹಳೆಯ ರಸ್ತೆಯ ಮೇಲೆಯೇ ಮತ್ತೊಂದು ಪದರ ಹಾಕುತ್ತಾ ಬಂದು, ರಸ್ತೆ ಮೇಲಾಗಿ ಮನೆಯ ಜಗುಲಿ ಕೆಳಗಾಗಿದೆ. ಜೋರು ಮಳೆ ಬಂದರೆ ಬೀದಿಯ ನೀರು ಹೊಸ್ತಿಲು ದಾಟುತ್ತದೆ. ಕೊಳ್ಳುವವನು ಇದನ್ನು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾನೆ. ಜಗುಲಿಯ ಮುಂದೆ ಒಂದು ಸಣ್ಣ ಕಟ್ಟೆ, ಅದರ ಹೊರಗೆ ನೀರು ಚರಂಡಿ ಸೇರುವ ದಾರಿ, ಇಷ್ಟನ್ನು ಮಾಡಿಸಿಟ್ಟರೆ ಅವನ ಬಾಯಿ ಕಟ್ಟುತ್ತದೆ. ಚರಂಡಿಯೇ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಅದರ ಸ್ವೀಕೃತಿ ಇಟ್ಟುಕೊಳ್ಳಿ. ಕೆಲಸ ಆಗುವುದು ತಡವಾದರೂ ಅರ್ಜಿಯನ್ನಾದರೂ ತೋರಿಸಬಹುದು.

ಗೆದ್ದಲಿನ ವಿಷಯದಲ್ಲಿ ಜನ ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ಗೋಡೆಯ ಮೇಲಿನ ಮಣ್ಣಿನ ಗೆರೆಯನ್ನು ಪೊರಕೆಯಿಂದ ಗುಡಿಸಿ ಸುಮ್ಮನಾಗುತ್ತಾರೆ. ವಾರದಲ್ಲಿ ಗೆರೆ ಮತ್ತೆ ಎದ್ದಿರುತ್ತದೆ, ಅದೂ ಗಿರಾಕಿ ಬರುವ ದಿನವೇ. ಗೆರೆ ಎಲ್ಲಿಂದ ಹೊರಟಿದೆಯೋ ಆ ಜಾಗ ಅಗೆಸಿ, ಮನೆಗೆ ಗೆದ್ದಲು ಔಷಧ ಹಾಕುವ ಅನುಭವವಿದ್ದವರನ್ನು ಕರೆಸಿ. ಹಿಂದೆ ಎಲ್ಲದಕ್ಕೂ ಸುರಿಯುತ್ತಿದ್ದ ಆಲ್ಡ್ರಿನ್ ಈಗ ನಿಷೇಧವಾಗಿದೆ. ಹಳೆಯ ಡಬ್ಬಿ ಅಟ್ಟದ ಮೇಲಿದ್ದರೂ ಅದನ್ನು ಮುಟ್ಟಬೇಡಿ. ತೊಲೆ, ಬಾಗಿಲುವಾಡಗಳನ್ನು ಕಬ್ಬಿಣದ ಮೊಳೆಯಿಂದ ಚುಚ್ಚಿ ನೋಡಿ. ಒಳಗೆ ಟೊಳ್ಳಾದ ಒಂದು ಜಂತೆಯಿದ್ದರೆ ಅದನ್ನು ಬದಲಿಸಿ. ಒಂದು ಜಂತೆಯ ಖರ್ಚು ಉಳಿಸಲು ಹೋದರೆ ಇಡೀ ಮನೆಯೇ ಟೊಳ್ಳು ಎಂಬ ಮಾತು ಊರಲ್ಲಿ ಹಬ್ಬುತ್ತದೆ.

ಮಣ್ಣಿನ ಗೋಡೆಗೆ ಸುಣ್ಣವೇ ಸರಿ

ಈಗ ಬಣ್ಣದ ಮಾತು. ಮಣ್ಣಿನ ಗೋಡೆ, ಮಣ್ಣು ಕಲ್ಲಿನ ಗೋಡೆ ಇದ್ದವರು ಅಂಗಡಿಯ ಪ್ಲಾಸ್ಟಿಕ್ ಬಣ್ಣ, ಎಣ್ಣೆ ಬಣ್ಣ, ಸಿಮೆಂಟಿನ ಗಾರೆ ಇವುಗಳ ಆಸೆಗೆ ಬೀಳಬಾರದು. ಇಂಥ ಗೋಡೆ ನೆಲದಿಂದ ತೇವ ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಮೇಲೆ ಬಿಗಿಯಾದ ಪದರ ಹಾಕಿದರೆ ತೇವ ಒಳಗೇ ಸಿಕ್ಕಿಕೊಂಡು, ಆರೆಂಟು ತಿಂಗಳಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಸಿಮೆಂಟು ಗಾರೆ ಚಕ್ಕೆ ಚಕ್ಕೆಯಾಗಿ ಮಣ್ಣನ್ನೂ ಹಿಡಿದುಕೊಂಡು ಬೀಳುತ್ತದೆ. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ. ಹುಳುಹುಪ್ಪಟೆಗಳೂ ಕಡಿಮೆ.

ಸುಡುಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ ಒಂದು ರಾತ್ರಿ ಬಿಡಬೇಕು. ಅರಳುವಾಗ ಕುದಿಯುತ್ತದೆ, ಸಿಡಿಯುತ್ತದೆ. ಮಕ್ಕಳನ್ನು ದೂರವಿಡಿ, ನಿಮ್ಮ ಕಣ್ಣನ್ನೂ ಕಾಪಾಡಿಕೊಳ್ಳಿ. ಮರುದಿನ ಒರಟು ಬಟ್ಟೆಯಲ್ಲಿ ಸೋಸಿ, ಗೋಂದು ಅಥವಾ ಗಂಜಿ ತಿಳಿ ಸ್ವಲ್ಪ ಸೇರಿಸಿ, ಚಿಟಿಕೆ ನೀಲಿ ಹಾಕಿ. ಗಟ್ಟಿಯಾಗಿ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಮೂರು ಸಲ ಬಳಿದರೆ ಕೈಗೆ ಅಂಟದೆ ನಿಲ್ಲುತ್ತದೆ. ಬಳಿಯುವ ಮುಂಚೆ ಗೋಡೆಯ ಹಳೆಯ ಪೊರೆಯನ್ನು ಕೆರೆದು, ಬಿರುಕುಗಳನ್ನು ಮೂಲ ಗೋಡೆಯ ಮಣ್ಣಿನಿಂದಲೇ ಮೆತ್ತಬೇಕು. ಕೆಳಗೆ ಮೊಳದುದ್ದ ಕೆಮ್ಮಣ್ಣಿನ ಪಟ್ಟಿ ಎಳೆದರೆ ಮಳೆಯ ಕೊಸರು ಕಾಣುವುದಿಲ್ಲ, ಮನೆಗೂ ಲಕ್ಷಣ.

ಮರಕ್ಕೆ ಮಾತ್ರ ಬಣ್ಣ ಬೇಡವೇ ಬೇಡ. ಹಲಸು, ತೇಗ, ಹೊನ್ನೆ, ಮತ್ತಿಯ ಹಳೆಯ ಕಂಬಗಳಿಗೆ ನೀಲಿ ಹಸಿರು ಬಣ್ಣ ಹೊಡೆದು ಹಾಳುಮಾಡಿದ ಮನೆಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಊರಿನ ಗಿರಾಕಿಗಾಗಲಿ ಪಟ್ಟಣದಿಂದ ಬರುವವನಿಗಾಗಲಿ ಹಳೆಯ ಮರದ ಬೆಲೆ ಗೊತ್ತಿದೆ. ಬಣ್ಣದೊಳಗೆ ಯಾವ ಮರವಿದೆ ಎಂಬುದು ಗೊತ್ತಾಗದಿದ್ದರೆ ಅವರು ಕೆಟ್ಟ ಮರವೆಂದೇ ಲೆಕ್ಕ ಹಾಕುತ್ತಾರೆ. ಹೊಗೆ ಮಸಿಯನ್ನು ತೊಳೆದು, ಒಣಗಿಸಿ, ಅಗಸೆ ಎಣ್ಣೆ ಸವರಿ ಬಟ್ಟೆಯಿಂದ ತಿಕ್ಕಿ. ಕರಾವಳಿ, ಮಲೆನಾಡಿನಲ್ಲಿ ಬಳಸುವ ಗೇರೆಣ್ಣೆ ಮಾಡಿನ ಪಕ್ಕಾಸಿಗೆ ಒಳ್ಳೆಯದು, ಆದರೆ ಕೆತ್ತನೆಯ ಕಂಬವನ್ನು ಕಪ್ಪಾಗಿಸುತ್ತದೆ.

ಹಿತ್ತಿಲು, ಬಾವಿ, ಹಗೇವು

ನಮ್ಮ ಕಡೆ ಮನೆ ಎಂದರೆ ಗೋಡೆಗಳಷ್ಟೇ ಅಲ್ಲ. ಗಂಡಸರು ಮೊದಲ ಸಲ ಬಂದು ಜಾಗ ಅಳೆದು ಹೋಗುತ್ತಾರೆ. ಎರಡನೆಯ ಸಲ ಮನೆಯಾಕೆ ಬರುತ್ತಾಳೆ. ತೀರ್ಮಾನವಾಗುವುದು ಆಗಲೇ. ಆಕೆ ಪಡಸಾಲೆಯಲ್ಲಿ ಕೂರುವುದಿಲ್ಲ, ನೇರವಾಗಿ ಅಡುಗೆಮನೆಗೆ ಹೋಗಿ ಹೊಗೆ ಎಲ್ಲಿಂದ ಹೋಗುತ್ತದೆ, ನಲ್ಲಿ ಎಲ್ಲಿದೆ, ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ, ಶೌಚಾಲಯ ಇದೆಯೇ ಎಂದು ನೋಡುತ್ತಾಳೆ. ಶೌಚಾಲಯವಿಲ್ಲದ ಮನೆಯನ್ನು ಇಂದು ಹಳ್ಳಿಯಲ್ಲೂ ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಇರುವ ಹಣದಲ್ಲಿ ಒಂದೇ ಹೊಸ ಕೆಲಸ ಮಾಡಿಸಲು ಸಾಧ್ಯವೆಂದಾದರೆ ಅದನ್ನೇ ಮಾಡಿಸಿ. ಮುಂಬಾಗಿಲಿಗೆ ಗ್ರಾನೈಟು ಅಂಟಿಸುವ ಹಣ ಅಲ್ಲಿಗೆ ಹೋಗಲಿ.

ಕೊಟ್ಟಿಗೆಯ ಗಂಜಲ ನಿಲ್ಲದಂತೆ ಮಾಡಿ. ಮನೆಗೆ ತಾಗಿದ ತಿಪ್ಪೆಯನ್ನು ಹೊಲಕ್ಕೆ ಹೊಡೆಯಿರಿ. ಗೊಬ್ಬರವೂ ಉಪಯೋಗಕ್ಕೆ ಬಂತು. ಅಟ್ಟದ ಮೇಲಿನ ಮುರಿದ ನೇಗಿಲು, ತೂತುಬಿದ್ದ ಹಂಡೆ, ಹಳೆಯ ಗೋಣಿಚೀಲ, ಬಾವಲಿಯ ಹಿಕ್ಕೆ ಇವನ್ನೆಲ್ಲ ಕೆಳಗಿಳಿಸಿ. ಅಟ್ಟ ಖಾಲಿಯಾದರೆ ಮನೆಯ ವಾಸನೆಯೇ ಬದಲಾಗುತ್ತದೆ.

ಬಾವಿ ಇದ್ದರೆ ಹೂಳು ತೆಗೆಸಿ, ಕಟ್ಟೆಯ ಕಲ್ಲು ಭದ್ರಪಡಿಸಿ. ಆದರೆ ಬೇಸಿಗೆಯಲ್ಲಿ ನೀರು ಎಷ್ಟಿರುತ್ತದೆಂದು ಕೇಳಿದರೆ ಇದ್ದದ್ದನ್ನೇ ಹೇಳಿ. ಹಳೆಯ ಹಗೇವು ಇರುವ ಮನೆಗಳವರು ಇನ್ನೊಂದು ಎಚ್ಚರ ವಹಿಸಬೇಕು. ರಾಗಿ, ಜೋಳ ತುಂಬಿಡುತ್ತಿದ್ದ ಆ ನೆಲಮಾಳಿಗೆಗಳು ಎಷ್ಟೋ ಕಡೆ ಅಂಗಳದ ಕೆಳಗೆ ಮರೆತೇ ಹೋಗಿವೆ. ಮೇಲಿನ ಕಲ್ಲು ಸಡಿಲವಾಗಿದ್ದರೆ ಹೊಸಬರ ಟ್ರ್ಯಾಕ್ಟರು ಹೋದ ದಿನ ಕುಸಿಯುತ್ತದೆ. ಹಿರಿಯರನ್ನು ಕೇಳಿ ಜಾಗ ಗುರುತಿಸಿ, ಒಂದೋ ಮಣ್ಣು ತುಂಬಿ, ಇಲ್ಲವೇ ತೋರಿಸಿ ಹೇಳಿ. ಬಹಳ ಕಾಲ ಮುಚ್ಚಿದ್ದ ಹಗೇವಿಗೆ ಯಾರನ್ನೂ ಇಳಿಸಬೇಡಿ. ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆ.

ಹೇಳಿಬಿಡುವುದು ಬರೀ ಒಳ್ಳೆಯತನದ ಮಾತಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಂ ಪ್ರಕಾರ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ಕಾಣದಂಥ ಮುಖ್ಯ ದೋಷ ಮಾರುವವನಿಗೆ ಗೊತ್ತಿದ್ದರೆ ಅದನ್ನು ತಿಳಿಸುವುದು ಅವನ ಕರ್ತವ್ಯ. ಒಂದು ದೋಷವನ್ನು ನೀವೇ ಬಾಯಿಬಿಟ್ಟು ಹೇಳಿದರೆ ಉಳಿದ ನಿಮ್ಮ ಮಾತಿಗೆ ತೂಕ ಬರುತ್ತದೆ ಎಂಬುದು ನನ್ನ ಅನುಭವ.

ಬೀಗ ಹಾಕಿದ ಮನೆಗೆ ಇನ್ನೊಂದು ಶತ್ರು ಇದೆ: ಊರ ಬಾಯಿ. ಎರಡು ವರ್ಷ ದೀಪ ಹತ್ತದ ಮನೆಗೆ ಮೂರನೆಯ ವರ್ಷ ದೆವ್ವ ಬರುತ್ತದೆ. ‘ಅಲ್ಲಿ ಯಾರೂ ಏಳಿಗೆಯಾಗಲಿಲ್ಲವಂತೆ’ ಎಂಬ ಮಾತು ಎಲ್ಲಿಂದಲೋ ಹುಟ್ಟುತ್ತದೆ. ದೂರದಲ್ಲಿರುವವರು ನಂಬಿಕಸ್ತ ನೆಂಟರೊಬ್ಬರನ್ನು ಒಪ್ಪಿಸಿ, ವಾರಕ್ಕೆರಡು ದಿನ ಬಾಗಿಲು ತೆಗೆದು ಗುಡಿಸಿ ಸಂಜೆ ದೀಪ ಹಚ್ಚುವಂತೆ ಮಾಡಿದರೆ ಮನೆಗೂ ಗಾಳಿ, ಮಾತಿಗೂ ಕಡಿವಾಣ. ವಾಸ್ತು, ಆಯ ಎಂದು ಹೆದರಿ ಮಾರುವ ಮೊದಲೇ ಬಾಗಿಲು ಕಿತ್ತು ಬೇರೆ ಕಡೆ ಇಡಿಸುವವರೂ ಇದ್ದಾರೆ. ಇದು ವ್ಯರ್ಥ ಖರ್ಚು. ಬರುವವನ ಜೋಯಿಸರು ಮತ್ತೊಂದು ದಿಕ್ಕು ಹೇಳಬಹುದು.

ಮನೆಯೊಳಗಿನ ಸಹಿಗಳು

ಸೂರು, ಸುಣ್ಣಗಳಿಗಿಂತ ಹೆಚ್ಚು ಮನೆಗಳು ಮಾರಾಟವಾಗದೆ ನಿಲ್ಲುವುದು ಇಲ್ಲಿ. ಆದ್ದರಿಂದ ದಲ್ಲಾಳಿಗೆ ಹೇಳುವ ಮುಂಚೆ, ಪೇಟೆಯಲ್ಲಿ ಬಾಯಿಬಿಡುವ ಮುಂಚೆ, ಅಣ್ಣತಮ್ಮಂದಿರು, ಅಕ್ಕತಂಗಿಯರನ್ನು ಒಂದು ದಿನ ಕೂಡಿಸಿ ಮಾತಾಡಿ.

ಅಕ್ಕತಂಗಿಯರ ಮಾತನ್ನು ಒತ್ತಿ ಹೇಳಬೇಕಾಗಿದೆ. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲಾಗುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ನಿಯಮ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮಿನಲ್ಲಿತ್ತು. ನಮ್ಮ ಎಷ್ಟೋ ಹಿರಿಯರ ತಲೆಯಲ್ಲಿ ಅದು ಇಂದಿಗೂ ಉಳಿದಿದೆ. ಆದರೆ 2005ರ ತಿದ್ದುಪಡಿಯಲ್ಲಿ ಆ ಕಲಮನ್ನೇ ತೆಗೆದುಹಾಕಲಾಯಿತು; ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮವಾಗಿ ನಡೆದುಹೋದ ವಿಭಾಗ, ಕ್ರಯಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡ ಮನೆಯಲ್ಲಂತೂ ತಾಯಿಗೂ ಎಲ್ಲ ಮಕ್ಕಳಿಗೂ ಸಮಪಾಲು.

‘ಅವಳಿಗೆ ಮದುವೆಯಲ್ಲೇ ಕೊಟ್ಟಾಯಿತು’ ಎಂಬ ಮಾತು ಕೊಳ್ಳುವವನ ಮುಂದೆ ನಡೆಯುವುದಿಲ್ಲ. ಆಕೆ ನಿಜವಾಗಿ ತನ್ನ ಭಾಗ ಬಿಟ್ಟುಕೊಡಲು ಒಪ್ಪಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಒಪ್ಪದಿದ್ದರೆ ಬಂದ ಹಣದಲ್ಲಿ ಆಕೆಯ ಪಾಲು ಕೊಟ್ಟು ಕ್ರಯಪತ್ರಕ್ಕೆ ಸಹಿ ಹಾಕಿಸಿ. ಪಾಲು ಕೊಡುವುದರಿಂದ ನಿಮ್ಮ ಕೈಗೆ ಬರುವ ಹಣ ಕಡಿಮೆಯಾಗುತ್ತದೆ ನಿಜ. ಕೊಡದಿದ್ದರೆ ಮನೆಯೇ ಮಾರಾಟವಾಗುವುದಿಲ್ಲ.

ಒಬ್ಬ ತಮ್ಮ ಒಪ್ಪದಿದ್ದರೆ ತನ್ನ ಭಾಗವನ್ನಷ್ಟೇ ಮಾರುತ್ತೇನೆ ಎಂದು ಹಟ ಹಿಡಿಯುವವರಿದ್ದಾರೆ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಹೊರಗಿನವನು ಒಂದು ಭಾಗ ಕೊಂಡರೆ ಉಳಿದವರ ಜೊತೆ ಜಂಟಿ ಸ್ವಾಧೀನ ಕೇಳುವ ಹಕ್ಕು ಅವನಿಗಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯಿದೆಯ 44ನೆಯ ಕಲಂ ಹೇಳುತ್ತದೆ. ಅಂದರೆ ಹಣ ಕೊಟ್ಟವನು ಅಂಗಳದಲ್ಲೇ ನಿಲ್ಲಬೇಕು. ತಿಳಿದವರು ಯಾರೂ ಇಂಥ ಭಾಗವನ್ನು ಸರಿಯಾದ ಬೆಲೆಗೆ ಕೊಳ್ಳುವುದಿಲ್ಲ. ಆ ತಮ್ಮನನ್ನೇ ಕೇಳಿ: ಮನೆಯನ್ನು ನೀನೇ ಇಟ್ಟುಕೊಂಡು ನಮ್ಮ ಭಾಗದ ಹಣ ಕೊಡುತ್ತೀಯಾ ಎಂದು. ಒಪ್ಪದವನೇ ಕೊಂಡ ಉದಾಹರಣೆಗಳು ಎಷ್ಟೋ ಇವೆ.

ಕಾಗದಗಳ ಕಟ್ಟು

ಗ್ರಾಮಠಾಣದೊಳಗಿನ ಹಳೆಯ ಮನೆಗೆ ಮೂಲ ಪತ್ರವೇ ಇರುವುದಿಲ್ಲ. ತಾತನ ಕಾಲದಿಂದ ಅನುಭವದಲ್ಲಿದೆ, ಕಂದಾಯದ ರಸೀದಿ ಇದೆ, ಅಷ್ಟೆ. ಹಿಂದೆ ಅದು ನಡೆಯುತ್ತಿತ್ತು. ಕರ್ನಾಟಕದಲ್ಲಿ 2013ರಿಂದ ಇ-ಸ್ವತ್ತು ವ್ಯವಸ್ಥೆ ಬಂದ ಮೇಲೆ ಗ್ರಾಮ ಪಂಚಾಯಿತಿಯ ಮನೆ, ನಿವೇಶನಗಳ ನೋಂದಣಿಗೆ ಕಂಪ್ಯೂಟರಿನಲ್ಲಿ ತೆಗೆದ ನಮೂನೆ 9 ಮತ್ತು 11 ಬೇಕು. ಇದಕ್ಕೆ ಅರ್ಜಿ, ಅಳತೆ, ಪರಿಶೀಲನೆ ಎಂದು ಸಮಯ ಹಿಡಿಯುತ್ತದೆ. ಗಿರಾಕಿ ಬಂದ ಮೇಲೆ ಓಡಾಡಿದರೆ ಅಷ್ಟರಲ್ಲಿ ಅವನು ಬೇರೆ ಮನೆ ನೋಡಿರುತ್ತಾನೆ. ಖಾತೆ ಇನ್ನೂ ತಾತನ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟುಕೊಂಡು ಮೊದಲು ಪೌತಿ ಖಾತೆ ಮಾಡಿಸಿ. ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳ ಗಡಿ ಅಳೆಯಲಾಗುತ್ತಿದೆ. ನಿಮ್ಮ ಊರಿನ ಅಳತೆ ಆಗಿದ್ದರೆ ಆಸ್ತಿ ಕಾರ್ಡು ಪಡೆದು, ಅದರಲ್ಲಿನ ಅಳತೆಯೂ ಪಂಚಾಯಿತಿಯ ಅಳತೆಯೂ ಒಂದೇ ಇದೆಯೇ ಎಂದು ನೋಡಿ. ಒಂದು ಗುಂಟೆಗೆ 1,089 ಚದರ ಅಡಿ. ನಮ್ಮಲ್ಲಿ ಬಾಯಿಮಾತಿನಲ್ಲಿ ‘ಒಂದು ಗುಂಟೆ’ ಎನ್ನುವುದು ಅಳೆದಾಗ ಒಂಬೈನೂರು ಅಡಿ ಆಗುವುದುಂಟು. ಆ ವ್ಯತ್ಯಾಸ ಗಿರಾಕಿಯ ಟೇಪಿನಲ್ಲಿ ಹೊರಬೀಳುವ ಬದಲು ನಿಮ್ಮ ಟೇಪಿನಲ್ಲೇ ಮೊದಲು ಹೊರಬೀಳಲಿ.

ಅಳೆಯುವಾಗ ಅಕ್ಕಪಕ್ಕದವರನ್ನು ಕರೆಯಿರಿ. ಜಂಟಿ ಗೋಡೆ ಯಾರದು, ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ, ಹಿತ್ತಿಲಿಗೆ ದಾರಿ ಯಾರ ಅಂಗಳದಲ್ಲಿ ಎಂಬುದನ್ನು ಅವರೆದುರೇ ಮಾತಾಡಿ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕೆಂದು ಬಳಸಿದ ದಾರಿ, ನೀರುಗಳಿಗೆ 1882ರ ಇನ್ನೊಂದು ಕಾಯಿದೆಯಾದ ಅನುಭೋಗ ಹಕ್ಕಿನ ಕಾಯಿದೆ ರಕ್ಷಣೆ ಕೊಡುತ್ತದೆ. ಆದ್ದರಿಂದ ಅವುಗಳನ್ನು ಇಲ್ಲವೆಂದು ಹೇಳಿ ಮಾರಲಾಗದು. ಹಾಗೆ ನೋಡಿದರೆ ಪಕ್ಕದ ಮನೆಯವನೇ ನಿಮ್ಮ ಮೊದಲ ಗಿರಾಕಿ. ಅವನ ಮಗನಿಗೆ ಬೇರೆ ಮನೆ ಬೇಕಾಗಿರಬಹುದು. ಅವನನ್ನು ಮೊದಲು ಕೇಳಿ. ಕೊಳ್ಳದಿದ್ದರೂ, ಕೇಳಿದರಲ್ಲ ಎಂಬ ಗೌರವಕ್ಕೆ ಹೊರಗಿನ ಗಿರಾಕಿಯ ಮುಂದೆ ಒಳ್ಳೆಯ ಮಾತಾಡುತ್ತಾನೆ. ಚಹಾ ಅಂಗಡಿಯಲ್ಲಿ ಕುಳಿತು ‘ಆ ಮನೆಯೇ?’ ಎಂದು ಹುಬ್ಬೇರಿಸುವ ಒಬ್ಬ ನೆರೆಯವನು ಸಾಕು, ಕೂಡಿಬಂದ ವ್ಯಾಪಾರ ಮುರಿಯಲು.

ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನು ನೀವೇ ತೆಗೆಸಿ ಓದಿ ನೋಡಿ. ಹತ್ತು ವರ್ಷದ ಹಿಂದೆ ತೀರಿಸಿದ ಸೊಸೈಟಿ ಸಾಲ, ಪಿ.ಎಲ್.ಡಿ. ಬ್ಯಾಂಕಿನ ಅಡಮಾನ ಅದರಲ್ಲಿ ಇನ್ನೂ ಕುಳಿತಿರಬಹುದು. ಋಣಮುಕ್ತ ಪತ್ರ ಪಡೆದು ಅದನ್ನು ತೆಗೆಸಬೇಕು. ಮನೆ ಕಂದಾಯ, ನೀರಿನ ಬಾಕಿ, ವಿದ್ಯುತ್ ಬಾಕಿ ತೀರಿಸಿ ರಸೀದಿಗಳನ್ನು ಒಂದೇ ಕಡತದಲ್ಲಿ ಇಡಿ.

ಮಂಜೂರಾದ ನಿವೇಶನ, ಮನೆಗಳಿಗೆ ಪರಭಾರೆ ಮಾಡಬಾರದೆಂಬ ಷರತ್ತು ಇರುವುದುಂಟು. ಹಕ್ಕುಪತ್ರವನ್ನು ಪೂರ್ತಿ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಮೇಲೆ ಮನೆಯಿದ್ದರೆ 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಇಂಥ ಸಂದರ್ಭದಲ್ಲಿ ಮುಂಗಡ ಪಡೆಯುವುದಕ್ಕೆ ಮುಂಚೆ ವಕೀಲರನ್ನು ಕಾಣಿ.

ಬೆಲೆ, ಗಿರಾಕಿ, ಮುಂಗಡ

ಬೆಲೆಯನ್ನು ಭಾವನೆಯಿಂದ ಕಟ್ಟಬೇಡಿ. ‘ನಮ್ಮಪ್ಪ ಕಟ್ಟಿಸಿದ ಮನೆ’ ಎಂಬುದಕ್ಕೆ ಪೇಟೆಯಲ್ಲಿ ದರವಿಲ್ಲ. ಜಾಗಕ್ಕೆಷ್ಟು, ಕಟ್ಟಡಕ್ಕೆಷ್ಟು, ಮರಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿ. ಜಾಗಕ್ಕೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವನ್ನೂ, ಊರಲ್ಲಿ ಕಳೆದ ಒಂದೆರಡು ವರ್ಷ ನಡೆದ ವ್ಯಾಪಾರವನ್ನೂ ನೋಡಿ. ಮರಕ್ಕೆ ಇಬ್ಬರು ಮರಮುಟ್ಟಿನ ವ್ಯಾಪಾರಿಗಳಿಂದ ದರ ಕೇಳಿ. ಅವರಿಗೆ ಮಾರಲು ಅಲ್ಲ, ಅದಕ್ಕಿಂತ ಕೆಳಗೆ ಯಾರಿಗೂ ಇಳಿಯದಿರಲು. ಕೇಳುವ ಬೆಲೆ ಒಂದು, ಬಿಡುವ ಬೆಲೆ ಒಂದು ಎಂದು ಮನೆಮಂದಿಯೆಲ್ಲ ಮೊದಲೇ ಒಪ್ಪಿಕೊಂಡಿರಬೇಕು. ಗಿರಾಕಿಯ ಎದುರಿನಲ್ಲಿ ಅಣ್ಣ ಒಂದು, ತಮ್ಮ ಒಂದು ಹೇಳಿದರೆ ಅವನು ಎರಡರಲ್ಲಿ ಕಡಿಮೆಯದನ್ನು ಹಿಡಿಯುತ್ತಾನೆ.

ಕಾಲವೂ ಮುಖ್ಯ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮನೆ ಕೊಳ್ಳುವ ಮಾತಿಗೆ ಜನ ಬರುವುದಿಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಒಳ್ಳೆಯ ಕಾಲ. ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಯ ಬಟವಾಡೆ ಬಂದಾಗ, ಅಡಿಕೆ ಸೀಮೆಯಲ್ಲಿ ಮಾಲು ಮಾರಿದಾಗ ಗಿರಾಕಿ ಹುಟ್ಟುತ್ತಾನೆ. ದಲ್ಲಾಳಿ ಇದ್ದರೆ ಅವನ ದಲ್ಲಾಳಿ ಎಷ್ಟು, ಯಾವಾಗ ಎಂದು ಮೊದಲೇ ಹೇಳಿಬಿಡಿ, ಮತ್ತು ಮನೆಯ ಬೀಗದ ಕೈಯನ್ನು ಅವನಿಗೆ ಕೊಡಬೇಡಿ.

ತೋರಿಸುವ ದಿನ ಬೆಳಿಗ್ಗೆ ಕಿಟಕಿಗಳನ್ನೆಲ್ಲ ತೆಗೆದು, ನೆಲ ಸಾರಿಸಿ, ಒಬ್ಬರೇ ಒಬ್ಬರು ಜೊತೆಗೆ ಹೋಗಿ. ನಾಲ್ಕು ಜನ ಸುತ್ತುವರಿದು ಹೊಗಳಿದರೆ ಬಂದವರಿಗೆ ಇರುಸುಮುರುಸು. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಸ್ವಲ್ಪ ಹೊತ್ತು ಅವರಷ್ಟಕ್ಕೇ ಬಿಡಿ. ಗಂಡಹೆಂಡಿರು ‘ಮಂಚ ಇಲ್ಲಿ ಹಾಕಬಹುದು’ ಎಂದು ಮಾತಾಡಿಕೊಳ್ಳುವುದು ಆಗಲೇ.

ವ್ಯಾಪಾರ ಕುದುರಿದರೆ ಕ್ರಯದ ಕರಾರು ಬರವಣಿಗೆಯಲ್ಲಿರಲಿ. ಬಾಕಿ ಹಣ, ನೋಂದಣಿಯ ಗಡುವು, ಮನೆಯೊಡನೆ ಏನೇನು ಹೋಗುತ್ತದೆ, ಏನು ನಿಮಗೆ ಉಳಿಯುತ್ತದೆ ಎಂದು ಬರೆಯಿಸಿ. ಬೀಸುವ ಕಲ್ಲು, ತಾಮ್ರದ ಹಂಡೆ, ದೇವರ ಮಂಟಪಗಳಿಗಾಗಿ ಕೊನೆಯ ದಿನ ಜಗಳವಾದದ್ದುಂಟು. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಅವಕಾಶ ಕೊಡುವುದಿಲ್ಲ. ಪಡೆದಷ್ಟೇ ದಂಡ ಬೀಳಬಹುದು. ಆದ್ದರಿಂದ ಮುಂಗಡವೂ ಬ್ಯಾಂಕಿನ ಮೂಲಕವೇ ಬರಲಿ. ನೋಂದಣಿಯ ಖರ್ಚು ಉಳಿಯುತ್ತದೆಂದು ಬರೀ ಜಿ.ಪಿ.ಎ. ಬರೆದುಕೊಡಿ ಎಂದು ಕೇಳುವವರಿಗೆ ಒಪ್ಪಬೇಡಿ. ಅಂಥ ಪತ್ರದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಮನೆ ಅವರ ಕೈಯಲ್ಲಿ, ಕಂದಾಯದ ನೋಟೀಸು ನಿಮ್ಮ ಹೆಸರಿಗೆ ಎಂಬಂತಾಗುತ್ತದೆ.

ಪೂರ್ತಿ ಹಣ ಖಾತೆಗೆ ಬಂದು ಕ್ರಯಪತ್ರ ನೋಂದಣಿಯಾಗುವ ತನಕ ಬೀಗದ ಕೈ ನಿಮ್ಮ ಬಳಿಯೇ ಇರಲಿ. ನೋಂದಣಿಯಾದ ವಾರದೊಳಗೆ ಹೊಸಬರೊಡನೆ ಪಂಚಾಯಿತಿಗೂ ವಿದ್ಯುತ್ ಕಚೇರಿಗೂ ಹೋಗಿ ಖಾತೆ ಮತ್ತು ಮೀಟರು ಅವರ ಹೆಸರಿಗೆ ಬದಲಾಗುವ ಅರ್ಜಿಗೆ ಸಹಿ ಹಾಕಿ ಬನ್ನಿ. ಬಾವಿಯ ರಾಟೆಗೆ ಹೊಸ ಹಗ್ಗ ಹಾಕಿಸಿದ್ದರೆ ಅದನ್ನು ಬಿಚ್ಚಿಕೊಂಡು ಬರಬೇಡಿ.